ಆನೆಗಳ ದಾರಿಯಲ್ಲಿ ಮೊಟ್ಟೆಯಿಟ್ಟ ಟಿಟ್ಟಿಭ

ಹುಲಿಯ ಕಾಟ ತಪ್ಪಿಸಲೆಂದು ಹೊರಗಿನ ಕಾಡಿನ ಆನೆಗಳು ಕೆರೆಯ ಬಯಲಿಗೆ ಕಾವಲು ಬಂದವು. ಹುಲಿ ಹೋಯಿತು, ಆನೆಗಳು ಹೋಗಲಿಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಗಳಿಗೆ ಜಾಗವೇ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಕೆಂಚವ್ವನೆಂಬ ಹಿರಿಯ ಟಿಟ್ಟಿಭ ಆನೆಗಳ ದಾರಿಯ ನಡುವೆಯೇ ಮೊಟ್ಟೆಯಿಟ್ಟು ಕೂತಳು.

"ಏಳವ್ವ, ತುಳಿದೇವು," ಎಂದ ಆನೆಗಳ ನಾಯಕ.

"ನೀವು ಇಲ್ಲಿರುವುದು ಯಾತಕ್ಕಪ್ಪ?"

"ನಿಮ್ಮನ್ನು ಕಾಯಲು."

"ಹಾಗಾದರೆ ಕಾಯಿರಿ. ಮೊಟ್ಟೆ ಇಲ್ಲಿದೆ."

ಕಾಯಲು ಬಂದವರೆಂದು ಎಲ್ಲರೆದುರು ಹೇಳಿಬಿಟ್ಟ ನಾಯಕನಿಗೆ ತುಳಿಯಲು ನಾಚಿಕೆಯಾಯಿತು. ಸುತ್ತಿಕೊಂಡು ಹೋದ. ಇದನ್ನು ಕಂಡ ಉಳಿದ ಟಿಟ್ಟಿಭಗಳೂ ಬಂದು ಬಯಲ ತುಂಬ ಮೊಟ್ಟೆಯಿಟ್ಟು ಕೂತವು.

"ಕೆಂಚವ್ವ, ನಾವು ಕಾಲಿಡುವುದೆಲ್ಲಿ?" ಎಂದ ನಾಯಕ, ಒಂದು ಕಾಲನ್ನು ಎತ್ತಿಕೊಂಡೇ.

"ನಿನ್ನ ಕಾಡಿನಲ್ಲಿ, ಮಗನೇ. ಅಲ್ಲಿ ನೆಲ ನೋಡದೆ ನಡೆಯಬಹುದು. ನಿನ್ನಮ್ಮನೂ ದಾರಿ ನೋಡುತ್ತಿದ್ದಾಳು."

ನಾಯಕ ತನ್ನ ಕಾಡಿನ ಕಡೆಗೆ ಸೊಂಡಿಲೆತ್ತಿ ಗಾಳಿ ಮೂಸಿದ. ಆಮೇಲೆ ತನ್ನವರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದ.

ಕೆಂಚವ್ವ ಮೊಟ್ಟೆಯ ಮೇಲೆ ಗಂಡನನ್ನು ಕೂರಿಸಿದಳು. ಒಂದೊಂದು ಹೆಜ್ಜೆಗೂ ಜಾಗ ತೋರಿಸುತ್ತ, ಬಯಲಿನ ಕೊನೆಯವರೆಗೂ ಆನೆಗಳ ಮುಂದೆ ತಾನೇ ನಡೆದಳು.