ಗುಬ್ಬಿಯ ಪಾಲು

ಕಣಜದಲ್ಲಿ ಎಷ್ಟು ಕಾಳು ಮುಗ್ಗುತ್ತಿದೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿ ಹಿಂದಿನ ಯಜಮಾನರಿಗೆ ಒಪ್ಪಿಸುತ್ತಿದ್ದ ಇರುವೆಯನ್ನೇ ಕೊನೆಗೆ ಗೂಡಿನವರು ಯಜಮಾನನನ್ನಾಗಿ ಆರಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದ ಮಾತನ್ನು ಅದು ಮೊದಲ ದಿನವೇ ಅಪ್ಪಣೆ ಮಾಡಿತು. "ಕಣಜದ ಬಾಯಿ ತೆಗೆದು ಕಾಳನ್ನೆಲ್ಲ ಬಿಸಿಲಿಗೆ ಹಾಕಿ. ಒಂದಿಷ್ಟು ಗುಬ್ಬಿಯ ಪಾಲಾಗುತ್ತದೆ, ಮಿಕ್ಕಿದ್ದು ಉಳಿಯುತ್ತದೆ."

ಬಲವಿದ್ದವರು ತಮ್ಮ ಪಾಲನ್ನು ನಡುವೆ ಹರಡಿದರು, ಇಲ್ಲದವರು ಅಂಚಿನಲ್ಲಿ. ಸಂಜೆಯ ಹೊತ್ತಿಗೆ ಕಾಳು ಮುಕ್ಕಾಲು ಒಣಗಿತ್ತು. ಗೂಡೆಲ್ಲ ಜೈಕಾರ ಹಾಕುತ್ತಿರುವಾಗ ಮುದಿ ಅಜ್ಜಿ ಇರುವೆಯೊಂದು ಮುಂದೆ ಬಂದಿತು.

"ಯಜಮಾನರೇ, ಗುಬ್ಬಿ ಅಂಚಿನ ಕಾಳನ್ನೇ ಹೆಕ್ಕಿತು. ನೀವು ಹೇಳಿದ ಆ ಒಂದಿಷ್ಟು ನನ್ನದೇ ಆಗಿತ್ತು. ನಾಳೆಯೂ ಒಣಗಿಸಬೇಕಂತೆ. ಉಳಿದಿರುವ ಹಿಡಿ ಕಾಳನ್ನು ಎಲ್ಲಿ ಹಾಕಲಿ, ಹೇಳಿ."

ಎಷ್ಟು ಹೋಗುತ್ತದೆ ಎಂದು ಯಜಮಾನ ಇರುವೆ ಜೀವಮಾನವಿಡೀ ಎಣಿಸಿತ್ತು. ಯಾರದು ಹೋಗುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅದು ತನ್ನ ಪಾಲನ್ನು ತಾನೇ ಹೊತ್ತು ತಂದು ಅಂಚಿನಲ್ಲಿ ಸುರಿಯಿತು. ಕಾವಲಿನವರು ಗಾಬರಿಯಾದರು. "ನಿಮ್ಮ ಜಾಗ ನಡುವೆ ಇದೆ, ಯಜಮಾನರೇ!"

"ಅಲ್ಲಿ ಅಜ್ಜಿ ಹಾಕಲಿ," ಎಂದಿತು ಇರುವೆ. "ನನ್ನ ಲೆಕ್ಕವೇನೂ ಬದಲಾಗಿಲ್ಲ. ಇವತ್ತೂ ಒಂದಿಷ್ಟು ಹೋಗುತ್ತದೆ."

ಬೇಲಿಯ ಮೇಲೆ ಗುಬ್ಬಿ ಆಗಲೇ ಬಂದು ಕೂತಿತ್ತು.