ಬುಡಕ್ಕೆ ಯಾರನ್ನೂ ಸೇರಿಸದ ಹುಣಸೆ

ಕೆರೆ ಏರಿಯ ಹುಣಸೆಮರಕ್ಕೆ ಬೆಳಗಾದರೆ ಒಂದೇ ಚಿಂತೆ: ಬುಡದಲ್ಲಿ ಯಾರಾದರೂ ಮೊಳೆತಿದ್ದಾರೆಯೇ? ಒಂದು ಎಳೆ ಗರಿಕೆ ಕಂಡರೂ ಸಾಕು, ಅದರ ಜೀವ ತಳಮಳಿಸುತ್ತಿತ್ತು. 'ಇಂದು ಬೇರೂರಲು ಬಿಟ್ಟರೆ ನಾಳೆ ನನ್ನ ನೀರಿಗೇ ಬಾಯಿ ಹಾಕೀತು' ಎಂದುಕೊಂಡು ಬೇರಿನಿಂದ ಕಹಿ ಒಸರಿಸುತ್ತಿತ್ತು, ಮೇಲಿನಿಂದ ಹುಳಿ ಎಲೆ ಸುರಿಸುತ್ತಿತ್ತು. ಗರಿಕೆ ಸುಟ್ಟು ಸೊರಗುತ್ತಿತ್ತು. ಆಗಲೂ ಮರಕ್ಕೆ ನೆಮ್ಮದಿಯಿಲ್ಲ. ತುಂಬೆಯ ಬೀಜ ಎಲ್ಲಿ ಅಡಗಿದೆಯೋ ಎಂದು ಮತ್ತೆ ನೆಲ ಹುಡುಕುತ್ತಿತ್ತು.

ಏರಿಯ ಆ ತುದಿಯಲ್ಲಿ ಒಂದು ಹೊಂಗೆಮರವಿತ್ತು. ಅದರಡಿ ಹುಲ್ಲು ಹಾಸಿತ್ತು. "ಅದಕ್ಕೆ ತನ್ನ ಮನೆ ಕಾಯುವುದೇ ಗೊತ್ತಿಲ್ಲ," ಎಂದು ಹುಣಸೆ ಮೂದಲಿಸುತ್ತಿತ್ತು.

ಒಂದು ಮಳೆಗೆ ಹುಣಸೆಯದೇ ಬೀಜವೊಂದು ಬುಡದಲ್ಲಿ ಮೊಳೆಯಿತು. ಮರ ಹಿಗ್ಗಿತು. ಮೂರನೆಯ ದಿನ ಮೊಳಕೆ ಹೇಳಿತು, "ಅಮ್ಮ, ಕಾಲು ಉರಿಯುತ್ತಿದೆ."

ಹುಣಸೆ ಬೇರು ಬಿಗಿಹಿಡಿಯಿತು, ಎಲೆ ಉದುರದಂತೆ ಕೊಂಬೆ ಅಲುಗಿಸದೆ ನಿಂತಿತು. ಆದರೆ ವರುಷಗಳಿಂದ ಮಣ್ಣಿಗಿಳಿದ ಕಹಿ ಅದರ ಮಾತು ಕೇಳಲಿಲ್ಲ. ಸಂಜೆಯೊಳಗೆ ಮೊಳಕೆ ಕಪ್ಪಾಗಿ ಬಾಗಿತು.

ಕೊಂಬೆಯಲ್ಲಿ ಇನ್ನೊಂದು ಹಣ್ಣು ಉಳಿದಿತ್ತು. ಅದಕ್ಕೆ ಕೈಚಾಚಿದ ಕೋತಿಯನ್ನು ಮರ ಬೇಡಿಕೊಂಡಿತು:

"ಕೋತಣ್ಣ, ಹಣ್ಣು ನಿನಗೇ ಇರಲಿ. ಬೀಜ ಮಾತ್ರ ಇಲ್ಲಿ ಉಗುಳಬೇಡ."

"ಮತ್ತೆಲ್ಲಿ ಉಗುಳಲಿ?"

ಮರ ಏರಿಯ ಆ ತುದಿಯತ್ತ ಕೊಂಬೆ ಚಾಚಿ, "ಆ ಹೊಂಗೆಯ ಅಡಿಯಲ್ಲಿ," ಎಂದಿತು.

"ಅಲ್ಲಿ ಬರೀ ಗರಿಕೆ ತುಂಬಿದೆಯಲ್ಲ?"

"ಗರಿಕೆ ಬದುಕಿರುವ ಕಡೆಗೇ ಒಯ್ಯಪ್ಪ," ಎಂದಿತು ಹುಣಸೆ.