ಹೋಳಿಗೆ ಹರಿದರೆ ಫೋನ್ ಮಾಡಿ

ಪ್ರಕಾಶನದಲ್ಲಿ ಡಿಟಿಪಿ ಮಾಡುವ ಭಾರ್ಗವಿ, ಯಾವ ಕೆಲಸ ಹೇಳಿದರೂ ಮೊದಲು ಕನ್ನಡಕ ಒರೆಸಿಕೊಳ್ಳುತ್ತಾಳೆ. ಅವತ್ತೂ ಒರೆಸಿಕೊಂಡಳು.

"ನಮ್ಮ ಹಬ್ಬದಡುಗೆ ಪುಸ್ತಕದ ಪಿಡಿಎಫ್ ಇನ್ನೊಂದ್ಸಲ ಪುಕ್ಕಟೆ ಹಂಚಿಹೋದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ," ಎಂದರು ಪ್ರಕಾಶಕ ಅಶ್ವತ್ಥಯ್ಯ.

ಭಾರ್ಗವಿ ಫೈಲಿಗೆ ಬೀಗ ಹಾಕಲಿಲ್ಲ. ಪ್ರತಿ ಪುಟದ ಕೆಳಗೆ "ಹೋಳಿಗೆ ಹರಿದರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ" ಎಂದು ಬರೆದು, ಆಯಾ ಪ್ರತಿ ಕೊಂಡವರದೇ ನಂಬರ್ ಕೂರಿಸಿದಳು. ಹಂಚಲು ಯಾರಿಗೂ ಧೈರ್ಯ ಬರಲಿಲ್ಲ. ಅಶ್ವತ್ಥಯ್ಯನವರ ಪ್ರತಿಗೆ ಅವರ ನಂಬರನ್ನೇ ಹಾಕಿದ್ದಳು. ಅವರು ತೆರೆದೂ ನೋಡಿರಲಿಲ್ಲ.

ಯುಗಾದಿಯ ಬೆಳಿಗ್ಗೆ ಅವರದೇ ಫೋನ್ ಬಂತು.

"ಯಾರ್ಯಾರೋ ಹೆಂಗಸರು ಫೋನ್ ಮಾಡಿ ಹೂರಣ ನೀರಾಯ್ತು ಅಂತ ಬೈತಿದಾರಮ್ಮ."

"ನಿಮ್ಮ ಪ್ರತಿ ಯಾರಿಗಾದ್ರೂ ಕಳಿಸಿದ್ರಾ ಸಾರ್?"

"ಬೀಗರಿಗೆ ಮಾತ್ರ."

"ಹಾಗಾದ್ರೆ ಈಗ ಯಾರ ಕೆಲಸ ಹೋಯ್ತು ಸಾರ್?"

"ಅದಿರ್ಲಿ. ಹೂರಣ ಗಟ್ಟಿಯಾಗೋಕೆ ಏನ್ಮಾಡ್ಬೇಕು, ಅದನ್ನಾದ್ರೂ ಹೇಳಮ್ಮ."

ಭಾರ್ಗವಿ ಕನ್ನಡಕ ಒರೆಸಿಕೊಂಡಳು.